ರಾಗಿ ಲಕ್ಷ್ಮಣಯ್ಯನವರು

ರೈತನನ್ನು ಅನ್ನದಾತನೆಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆ ರೈತನ ಉಡಿಗೆ ಒಳ್ಳೆಯ ಬೀಜವನ್ನು ಹಾಕಿದವರ ಹೆಸರು ಮಾತ್ರ ನಮ್ಮ ನಾಲಗೆಗೆ ಬರುವುದು ಅಪರೂಪ. ಈ ಮಾತಿಗೆ ಅಪವಾದವಾಗಿ, ತಾವು ದುಡಿದ ಬೆಳೆಯ ಹೆಸರೇ ತಮ್ಮ ಹೆಸರಿನ ಮುಂದೆ ಬಿರುದಾಗಿ ನಿಲ್ಲುವಂತೆ ಬಾಳಿದ ಮಹನೀಯರೊಬ್ಬರು ಕನ್ನಡನಾಡಿನಲ್ಲಿ ಆಗಿಹೋದರು. ರಾಗಿ ಲಕ್ಷ್ಮಣಯ್ಯನವರೆಂದರೆ ಮಂಡ್ಯ, ಮೈಸೂರು, ತುಮಕೂರು ಸೀಮೆಗಳ ಒಕ್ಕಲುಮಕ್ಕಳಿಗೆ ಬೇರೆ ಪರಿಚಯ ಬೇಕಿರಲಿಲ್ಲ. ರಾಗಿಬ್ರಹ್ಮರೆಂದು ಅವರನ್ನು ಕರೆದವರೂ ಉಂಟು.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಮನೆತನಗಳಿಗೆ ಮಂಡ್ಯದ ರಾಗಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ತಟ್ಟೆಯಲ್ಲಿ ಜೋಳದ ರೊಟ್ಟಿಯೇ ದೊರೆ, ನಿಜ. ಆದರೂ ಬೇಸಿಗೆಯ ಅಂಬಲಿಗೆ, ಕೂಸಿನ ಮೊದಲ ಗಂಜಿಗೆ ನಾವು ಕೈಚಾಚುವುದು ರಾಗಿಯ ಕಡೆಗೇ. ಗಡಹಿಂಗ್ಲಜದಿಂದ ಹಿರಣ್ಯಕೇಶಿಯ ದಡ ಹಿಡಿದು ಆಜರೆಯತ್ತ, ಅಥವಾ ತೆಂಕಣಕ್ಕೆ ಚಂದಗಡದತ್ತ ಹೊರಟರೆ, ಹೊಳೆದಂಡೆಯ ಕಬ್ಬು ಹಿಂದೆ ಸರಿದು ಇಳಿಜಾರಿನ ಹೊಲಗಳಲ್ಲಿ ಈ ಧಾನ್ಯ ಕಾಣಿಸಿಕೊಳ್ಳುತ್ತದೆ. ಅಲ್ಲಿಯವರು ಅದನ್ನು ನಾಚಣಿ ಎನ್ನುತ್ತಾರೆ. ಹೆಸರು ಎರಡು, ಕಾಳು ಒಂದೇ.

ಲಕ್ಷ್ಮಣಯ್ಯನವರು ೧೯೨೧ರಲ್ಲಿ ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಕೃಷಿ ಇಲಾಖೆಯನ್ನು ಸೇರಿ, ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿರುವ ವಿ.ಸಿ. ಫಾರಂ ಎಂಬ ಕೃಷಿಕ್ಷೇತ್ರವನ್ನು ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡರು. ವಿಜ್ಞಾನಿಗಳ ಆಸಕ್ತಿಯೆಲ್ಲ ಭತ್ತ ಗೋದಿಗಳ ಮೇಲಿದ್ದ ಕಾಲವದು. ರಾಗಿ ಬಡವರ ಧಾನ್ಯ. ಅದರ ಮೇಲೆ ಆಯುಷ್ಯ ಕಳೆಯುವುದೆಂದರೆ ಕೀರ್ತಿಯ ಹೆದ್ದಾರಿಯನ್ನು ಬಿಟ್ಟು ಕಾಲುದಾರಿ ಹಿಡಿದಂತೆಯೇ ಸರಿ. ಅವರು ಆ ಕಾಲುದಾರಿಯನ್ನು ಹಿಡಿದರು.

ರಾಗಿಯ ತಳಿ ಬೆರೆಸುವುದು ಎಷ್ಟು ಕಷ್ಟವೆಂಬುದನ್ನು ತಿಳಿಯದೆ ಅವರ ದುಡಿಮೆಯ ಬೆಲೆ ಅರಿವಾಗದು. ಕಾಳೇ ಸಾಸಿವೆಯಷ್ಟು, ಹೂವಿನ ಗಾತ್ರವನ್ನು ಹೇಳಬೇಕಾದುದೇ ಇಲ್ಲ. ಆ ಹೂ ಅರಳುವುದು ನಟ್ಟಿರುಳು ಕಳೆದು ಬೆಳಗಾಗುವುದರ ಒಳಗೆ. ಅರಳುತ್ತಿರುವಂತೆಯೇ ತನ್ನ ಪರಾಗವನ್ನು ತಾನೇ ಸ್ವೀಕರಿಸಿ ಬಾಗಿಲು ಮುಚ್ಚಿಬಿಡುತ್ತದೆ. ಹೊರಗಿನ ಪರಾಗಕ್ಕೆ ಅಲ್ಲಿ ಎಡೆ ಸಿಕ್ಕುವುದು ನೂರಕ್ಕೆ ಒಂದು ಪಾಲೂ ಇಲ್ಲ. ಆದ್ದರಿಂದ ರಾಗಿಯ ತಳಿಗಾರರು ಒಂದು ಉಪಾಯ ಮಾಡಿದರು. ಹಸಿರು ಕಾಂಡದ ತಾಯಿಗಿಡದ ತೆನೆಯನ್ನೂ ನೇರಿಳೆ ಛಾಯೆಯ ತಂದೆಗಿಡದ ತೆನೆಯನ್ನೂ ಹೂವಾಗುವ ಮುನ್ನವೇ ಒಂದಕ್ಕೊಂದು ತಾಗಿಸಿ ಕಟ್ಟುವುದು. ತಾಯಿಯ ಕಾಳನ್ನೆಲ್ಲ ಮರುವರ್ಷ ಬಿತ್ತಿ, ಸಾವಿರಾರು ಹಸಿರು ಸಸಿಗಳ ನಡುವೆ ಎಲ್ಲೋ ತಲೆಯೆತ್ತುವ ನೇರಿಳೆ ಸಸಿಗಳನ್ನು ಹುಡುಕುವುದು. ಅವೇ ಬೆರಕೆಯ ಸಂತಾನ. ಅಲ್ಲಿಂದ ಮುಂದೆ ಆರೇಳು ತಲೆಮಾರುಗಳ ಕಾಲ ಆರಿಸಿ, ಬಿತ್ತಿ, ಮತ್ತೆ ಆರಿಸಬೇಕು. ಇಚಲಕರಂಜಿಯ ನಮ್ಮ ನೇಕಾರ ಬಂಧುಗಳಿಗೆ ಹಾಸುಹೊಕ್ಕಿನ ತಾಳ್ಮೆಯನ್ನು ವಿವರಿಸಬೇಕಿಲ್ಲ. ಆದರೆ ಅಲ್ಲಿ ಕಡಿದ ಎಳೆ ಕೂಡಲೇ ಕಣ್ಣಿಗೆ ಬೀಳುತ್ತದೆ, ಇಲ್ಲಿ ತಪ್ಪು ತಿಳಿಯಬೇಕಾದರೆ ಒಂದು ಮಳೆಗಾಲ ಕಳೆಯಬೇಕು.

ಹೀಗೆ ದುಡಿದು ಲಕ್ಷ್ಮಣಯ್ಯನವರು ೧೯೫೧ರಿಂದ ೧೯೬೪ರ ವರೆಗಿನ ಅವಧಿಯಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಹೊರತಂದರು. ಇವೆಲ್ಲ ನಮ್ಮ ನಾಡಿನ ರಾಗಿಗಳೊಳಗಿನ ಸಂಬಂಧಗಳು. ಇಳುವರಿ ಹೆಚ್ಚಿತು, ಆದರೆ ಹತ್ತಿರದ ಬಂಧುಗಳನ್ನೇ ಬೆರೆಸುತ್ತ ಹೋದರೆ ಮುಂದೆ ಹೊಸ ಗುಣ ಬರುವುದೆಲ್ಲಿಂದ? ಈ ಪ್ರಶ್ನೆಯೇ ಅವರನ್ನು ಆಫ್ರಿಕ ಖಂಡದತ್ತ ನೋಡುವಂತೆ ಮಾಡಿತು.

ರಾಗಿ ನಮ್ಮದೇ ಎಂಬ ಅಭಿಮಾನ ಕನ್ನಡಿಗರಿಗೆ ಇರುವುದು ಸಹಜ. ಆದರೆ ಅದರ ತವರು ಪೂರ್ವ ಆಫ್ರಿಕದ ಬೆಟ್ಟಸೀಮೆ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ದೇಶಕ್ಕೆ ಬಂದಿತು. ಬೆಳೆಯೊಂದು ಹುಟ್ಟಿ ಬಹುಕಾಲ ಬೆಳೆದ ಪ್ರದೇಶದಲ್ಲಿ ಅದರ ಬಗೆಗಳು ಅತಿ ಹೆಚ್ಚಾಗಿರುವುವೆಂಬುದನ್ನು ರಷ್ಯದ ನಿಕೊಲಾಯ್ ವಾವಿಲೋವ್ ಎಂಬ ವಿಜ್ಞಾನಿ ದೇಶದೇಶಗಳನ್ನು ಸುತ್ತಿ ತೋರಿಸಿಕೊಟ್ಟಿದ್ದನು. ಇಥಿಯೋಪಿಯವೂ ಅವನು ಗುರುತಿಸಿದ ಅಂಥ ತವರುಗಳಲ್ಲಿ ಒಂದು. ಲೋಕದ ಬೀಜಗಳನ್ನು ಕೂಡಿಹಾಕಿದ ಆ ಪುಣ್ಯಾತ್ಮನು ೧೯೪೩ರಲ್ಲಿ ಸೆರೆಮನೆಯಲ್ಲಿ ಸತ್ತುದು ಆ ಶತಮಾನದ ದೊಡ್ಡ ಅನ್ಯಾಯಗಳಲ್ಲಿ ಒಂದೆಂದು ನಾವು ತಿಳಿಯುತ್ತೇವೆ.

ಆಫ್ರಿಕದ ರಾಗಿ ದಪ್ಪ ಕಾಂಡದ್ದು, ದೊಡ್ಡ ತೆನೆಯದು, ರೋಗಕ್ಕೆ ಬೇಗ ಬಗ್ಗದ್ದು. ನಮ್ಮ ರಾಗಿ ಬೇಗ ಚಿಗುರಿ ಹಲವು ತೆಂಡೆಗಳನ್ನು ಒಡೆಯುವಂಥದು. ಸಾವಿರಾರು ವರ್ಷ ಅಗಲಿದ್ದ ಈ ದಾಯಾದಿಗಳನ್ನು ಲಕ್ಷ್ಮಣಯ್ಯನವರು ಮಂಡ್ಯದ ಮಡಿಗಳಲ್ಲಿ ಮತ್ತೆ ಒಂದುಗೂಡಿಸಿದರು. ತಮ್ಮ ಕಾವೇರಿಗೆ ಐ.ಇ. ೯೨೯ ಎಂಬ ಆಫ್ರಿಕದ ತಳಿಯನ್ನು ಕೂಡಿಸಲು ಇಂಡಾಫ್-೫ ಬಂದಿತು. ಹಳ್ಳಿಯ ಹಳೆಯ ಹುಲ್ಲುಬಿಳಿ ರಾಗಿಗೆ ಅದನ್ನೇ ಕೂಡಿಸಲು ಇಂಡಾಫ್-೮ ಬಂದಿತು. ಇಂಡಿಯ ಮತ್ತು ಆಫ್ರಿಕಗಳ ಮೊದಲಕ್ಷರಗಳು ಸೇರಿ ಇಂಡಾಫ್ ಎಂಬ ಹೆಸರಾಯಿತು. ೧೯೭೦ರ ದಶಕದಿಂದ ಮುಂದೆ ಈ ತಳಿಗಳು ಹೊಲಗಳನ್ನು ಸೇರಿದುವು. ಮುಂಗಾರಿನಲ್ಲಿ ಬೇಗ ಬಿತ್ತುವವರಿಗೆ ಇಂಡಾಫ್-೮, ಚಳಿಯನ್ನು ತಡೆಯಬೇಕಾದ ಹಿಂಗಾರಿಗೆ ಇಂಡಾಫ್-೭, ಬೇಸಿಗೆಗೆ ಬೇಗ ಕೊಯ್ಲಿಗೆ ಬರುವ ಇಂಡಾಫ್-೯ ಎಂದು ಋತುವಿಗೊಂದು ತಳಿಯನ್ನು ಅವರು ಒದಗಿಸಿದರು. ಗೋದಿ ಭತ್ತಗಳ ಹಸಿರುಕ್ರಾಂತಿಯ ಸದ್ದಿನಲ್ಲಿ ರಾಗಿಯ ಈ ಏಳಿಗೆ ಹೊರನಾಡಿಗೆ ಹೆಚ್ಚು ಕೇಳಿಸಲಿಲ್ಲ. ಮುದ್ದೆಯುಂಡವರಿಗೆ ಮಾತ್ರ ಅದು ತಿಳಿದಿತ್ತು.

ಈ ಗೆಲವಿನ ಇನ್ನೊಂದು ಮಗ್ಗುಲನ್ನು ಹೇಳದೆ ಬಿಡುವುದು ಸರಿಯಲ್ಲ. ಇಂಡಾಫ್ ತಳಿಗಳು ಹಬ್ಬಿದಂತೆ ಗಿಡ್ಡ ರಾಗಿ, ಕರಿಗಿಡ್ಡ, ಹಸರುಕಂಬಿ, ಹುಲ್ಲುಬಿಳಿ ಮೊದಲಾದ ಹಳೆಯ ಬಗೆಗಳು ಹೊಲದಿಂದ ಹಿಂದೆ ಸರಿದುವು. ಹೆಚ್ಚು ಕಾಳು ಕೊಡುವ ಬೀಜವನ್ನು ರೈತನು ಆರಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಹುಲ್ಲುಬಿಳಿಯನ್ನು ಯಾರೂ ಉಳಿಸದಿದ್ದರೆ ಇಂಡಾಫ್-೮ ಹುಟ್ಟುತ್ತಲೇ ಇರಲಿಲ್ಲ! ಕಾಲಕ್ರಮದಲ್ಲಿ ಇಂಡಾಫ್-೫, ಇಂಡಾಫ್-೯ರಂತಹ ತಳಿಗಳೂ ಬೆಂಕಿರೋಗಕ್ಕೆ ತುತ್ತಾಗತೊಡಗಿದುವು. ಆಗ ತಳಿಗಾರರು ಮತ್ತೆ ಕದ ತಟ್ಟಿದುದು ಬೀಜಭಂಡಾರದ್ದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿಯೂ ನಾನಾ ಕಡೆಯ ರಾಗಿಯ ಬಗೆಗಳನ್ನು ಸಾವಿರಗಟ್ಟಲೆಯಾಗಿ ಕಾಪಾಡಿಡಲಾಗಿದೆ.

ನಮ್ಮ ಕೊಲ್ಲಾಪುರದ ಶೇಂಡಾ ಪಾರ್ಕಿನ ಕೃಷಿ ಸಂಶೋಧನ ಕೇಂದ್ರದಲ್ಲಿಯೂ ನಾಚಣಿಯ ಕೆಲಸ ನಡೆದಿದೆ. ಫುಲೆ ನಾಚಣಿ ಎಂಬ ತಳಿ ಬಂದುದು ಅಲ್ಲಿಂದಲೇ. ಆಜರೆ ಚಂದಗಡಗಳ ಕಡೆ ಬಂಧುಬಳಗವುಳ್ಳವರು, ಅಜ್ಜಿಯರ ಮಡಕೆಯಲ್ಲಿ ಹಳೆಯ ನಾಚಣಿಯ ಬೀಜವೇನಾದರೂ ಉಳಿದಿದ್ದರೆ, ಅದರ ಊರಿನ ಹೆಸರು ಬರೆದು ಒಂದು ಹಿಡಿಯನ್ನು ಅಲ್ಲಿಗೆ ಒಯ್ದು ತೋರಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಲಕ್ಷ್ಮಣಯ್ಯನವರು ೧೯೯೩ರಲ್ಲಿ ಕಾಲವಾದರು. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ, ಬೆಂಕಿರೋಗವನ್ನು ಎದುರಿಸಬಲ್ಲ ಜಿ.ಪಿ.ಯು.-೨೮ ಎಂಬ ತಳಿ ಬೆಂಗಳೂರಿನಿಂದ ಹೊರಬಂದು ಕರ್ನಾಟಕದ ರಾಗಿಹೊಲಗಳಲ್ಲಿ ನೆಲೆಯೂರಿತು. ಅದರ ತಾಯಿ ಇಂಡಾಫ್-೫. ತಂದೆಯ ಕಡೆಯಲ್ಲಿ ಇಂಡಾಫ್-೯ ಇದೆ. ಅದರ ಜೊತೆಯಲ್ಲಿ ಆಫ್ರಿಕದ ಇನ್ನೊಂದು ರಾಗಿ, ಐ.ಇ. ೧೦೧೨.