ನಾಟಕರತ್ನ ಗುಬ್ಬಿ ವೀರಣ್ಣನವರು

ತುಮಕೂರು ಸೀಮೆಯ ಗುಬ್ಬಿಯ ಹೆಸರು ಗದಗು-ಬೆಟಗೇರಿ, ಡಂಬಳ, ಮುಂಡರಗಿಗಳ ಸದ್ಭಕ್ತರಿಗೆ ಅಪರಿಚಿತವಾದುದಲ್ಲ. ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯನ್ನು ಹೊಂದಿದ ಜಗದ್ಗುರು ತೋಂಟದ ಸಿದ್ಧಲಿಂಗೇಶ್ವರರಿಗೆ ಗುರುಗಳಾದ ಶ್ರೀ ಗೋಸಲ ಚನ್ನಬಸವೇಶ್ವರರ ಸನ್ನಿಧಿಯಿರುವ ಪುಣ್ಯಸ್ಥಳವದು. ಗದಗಿನ ತೋಂಟದಾರ್ಯ ಪೀಠದ ಶಿಷ್ಯವರ್ಗದವರು ಎಡೆಯೂರ ಯಾತ್ರೆಗೆ ಹೋದಾಗ ಗುಬ್ಬಿಗೂ ಹೋಗಿ ಬರುವುದುಂಟು. ಆ ಚನ್ನಬಸವೇಶ್ವರರ ನಾಮವನ್ನೇ ಶಿರಸ್ಸಿನಲ್ಲಿ ಧರಿಸಿ ನಾಡೆಲ್ಲ ಸಂಚರಿಸಿದ ನಾಟಕ ಮಂಡಳಿಯೊಂದು ಆ ಊರಲ್ಲಿ ಹುಟ್ಟಿತು. ಅದನ್ನು ಹೊತ್ತು ನಡೆಸಿದ ಮಹನೀಯರೇ ವೀರಣ್ಣನವರು.

ಅವರು ಹಂಪಣ್ಣನವರ ಮಗನಾಗಿ 1891ನೆಯ ಇಸವಿ ಜನವರಿ 24ರಂದು ಜನಿಸಿದರು. ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿಯು ಅದಕ್ಕೂ ಮೊದಲು, 1884ರಲ್ಲಿಯೇ, ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ ಮೊದಲಾದ ಊರ ರಸಿಕರ ಕೂಟವಾಗಿ ಮೊದಲಾಗಿದ್ದಿತು. ಲಿಂಗವಂತರೂ ಮುಸಲ್ಮಾನರೂ ಒಂದೇ ಪರದೆಯ ಹಿಂದೆ ನಿಂತು ಶರಣರ ಹೆಸರಿನಲ್ಲಿ ನಾಟಕವಾಡಿದ ಈ ಸಂಗತಿಯನ್ನು, ಶಿರಹಟ್ಟಿಯ ಫಕ್ಕೀರೇಶ್ವರರ ಗದ್ದುಗೆಗೆ ಎಲ್ಲ ಮತದವರೂ ನಡೆದುಕೊಳ್ಳುವುದನ್ನು ಕಂಡ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಲಕ ವೀರಣ್ಣನು ಆರೇಳು ವರ್ಷದವನಿರುವಾಗಲೇ ಈ ಮಂಡಳಿಯನ್ನು ಸೇರಿದನು. ಶಾಲೆಯ ಓದು ಹೆಚ್ಚು ಮುಂದುವರಿಯಲಿಲ್ಲ. ಪಾಠವೆಂದರೆ ನಾಟಕದ ಪಾಠ, ಮನೆಯೆಂದರೆ ಬಿಡಾರ, ಎಂಬಂತೆ ಅವನ ಬಾಲ್ಯವು ಸಾಗಿತು.

ಆ ಕಾಲಕ್ಕೆ ನಾಟಕವೃತ್ತಿಯೆಂದರೆ ಗೃಹಸ್ಥರಿಗೆ ಎಂಥ ಅಸಡ್ಡೆಯಿತ್ತೆಂಬುದನ್ನು ಇಲ್ಲಿ ನೆನೆಯಲೇಬೇಕು. ರಾತ್ರಿ ರಾಜನ ವೇಷಕ್ಕೆ ಚಪ್ಪಾಳೆ ತಟ್ಟಿದ ಜನರೇ ಮರುದಿನ ಆ ನಟನಿಗೆ ಬಾಡಿಗೆಯ ಮನೆ ಕೊಡಲು ಹಿಂಜರಿಯುತ್ತಿದ್ದರು. ಹೆಣ್ಣು ಕೊಡುವ ಮಾತಂತೂ ದೂರವೇ ಉಳಿಯಿತು. ಮೈಸೂರಲ್ಲಿ ಅರಮನೆಯ ಆಶ್ರಯದ ನಾಟಕ ಸಭೆಯಿದ್ದಿತು, ಎ. ವಿ. ವರದಾಚಾರ್ಯರಂಥ ಗಾಯಕ ನಟರು ತಮ್ಮ ಕಂಠಶ್ರೀಯಿಂದ ವಿದ್ವಜ್ಜನರ ಮನ್ನಣೆಯನ್ನು ಗಳಿಸಿದ್ದರು. ಗುಬ್ಬಿಯ ಮಂಡಳಿಗೆ ಅರಮನೆಯೂ ಇಲ್ಲ, ಪಾಂಡಿತ್ಯದ ಬಲವೂ ಇಲ್ಲ. ಊರೂರು ತಿರುಗಿ, ಟಿಕೆಟಿನ ಹಣದಿಂದಲೇ ಹೊಟ್ಟೆ ಹೊರೆಯಬೇಕಾಗಿದ್ದಿತು. ಮಳೆ ಹಿಡಿದರೆ ಅಥವಾ ಊರಿಗೆ ಬೇನೆ ಬಂದರೆ ಗಲ್ಲೆಯ ಪೆಟ್ಟಿಗೆ ಬರಿದು.

ಇಂಥ ಮಂಡಳಿಯ ಒಡೆತನವು 1917ರಲ್ಲಿ ವೀರಣ್ಣನವರ ಹೆಗಲಿಗೆ ಬಂದಿತು. ಆಗ ಅವರಿಗೆ ಇಪ್ಪತ್ತಾರು ವಯಸ್ಸು. ಅಂದಿನಿಂದ ಅವರ ಬಾಳೂ ಕಂಪನಿಯ ಬಾಳೂ ಬೇರೆಬೇರೆಯಾಗಿ ಉಳಿಯಲಿಲ್ಲ.

ನಾಟಕವು ಗದಗು ಪ್ರಾಂತಕ್ಕೆ ಹೊರಗಿನಿಂದ ಬಂದ ವಸ್ತುವಲ್ಲ. ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಮರಾಠಿ ಮಂಡಳಿಗಳ ಅಬ್ಬರದ ನಡುವೆ 1870ರ ದಶಕದಲ್ಲಿಯೇ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಶಿರಹಟ್ಟಿ ವೆಂಕೋಬರಾಯರ ಮಂಡಳಿಯೂ ಈ ಭಾಗದ ಹೆಸರನ್ನು ಎತ್ತಿಹಿಡಿದವು. ಆದುದರಿಂದ ಗುಬ್ಬಿಯವರ ಸಾಧನೆಯನ್ನು ಅಳೆಯಲು ಇಲ್ಲಿಯ ಜನರ ಕೈಯಲ್ಲಿ ತಕ್ಕ ಕೊಳಗವಿದ್ದಿತು. ಗರುಡರ ಬಲವು ಅಭಿನಯದ ಗಾಂಭೀರ್ಯದಲ್ಲಿದ್ದರೆ ವೀರಣ್ಣನವರ ಬಲವು ವ್ಯವಸ್ಥೆಯಲ್ಲಿಯೂ ವಿನೋದದಲ್ಲಿಯೂ ಇದ್ದಿತು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ಸಲ್ಲದು.

ವ್ಯವಸ್ಥೆಯ ಮಾತನ್ನೇ ಮೊದಲು ಹೇಳಬಹುದು. ನಾಟಕದ ಕಂಪನಿಯೆಂದರೆ ನೂರಾರು ಬಾಯಿಗಳ ಒಂದು ಸಂಸಾರ. ನಟರು, ನಟಿಯರು, ಪೇಟಿ ತಬಲೆಯವರು, ಪರದೆ ಬರೆಯುವವರು, ಬಡಿಗರು, ದರ್ಜಿಗಳು, ಅಡಿಗೆಯವರು, ಅವರ ಹೆಂಡಿರು ಮಕ್ಕಳು. ಎಲ್ಲರಿಗೂ ದಿನವೂ ಎರಡು ಹೊತ್ತು ಪಂಕ್ತಿಯಲ್ಲಿ ಊಟ ಬಡಿಸಬೇಕು. ದಾಸೋಹದ ಮರ್ಮವನ್ನು ಬಲ್ಲ ಮಠದ ಭಕ್ತರಿಗೆ ಇದರ ಭಾರವೆಷ್ಟೆಂಬುದು ತಿಳಿದೀತು. ಒಂದು ಕಾಲಕ್ಕೆ ಈ ಮಂಡಳಿಗೆ ಮೂರು ಶಾಖೆಗಳಾಗಿದ್ದವು. ಬಾಲನಟರಿಗೆಂದೇ ಒಂದು ಶಾಖೆಯಿದ್ದಿತು. ತೆಲುಗು ತಮಿಳು ನಾಡುಗಳಲ್ಲಿಯೂ ಆಯಾ ನುಡಿಗಳಲ್ಲಿ ನಾಟಕವಾಡಿ ಅವರು ಜಯಿಸಿ ಬಂದರು. ಬೆಳ್ಳಾವೆ ನರಹರಿಶಾಸ್ತ್ರಿಗಳಿಂದ ಕೃಷ್ಣಲೀಲೆಯೇ ಮೊದಲಾದ ನಾಟಕಗಳನ್ನೂ, ಬಿ. ಪುಟ್ಟಸ್ವಾಮಯ್ಯನವರಿಂದ ಕುರುಕ್ಷೇತ್ರವನ್ನೂ ಬರೆಯಿಸಿದರು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ನಿಲ್ಲಿಸಿದರು. ಹೊಸ ಮಾದರಿಯ ವಿದ್ಯುದ್ದೀಪಗಳು, ಕಣ್ಣೆದುರಿಗೇ ಮಾರ್ಪಡುವ ದೃಶ್ಯಗಳು ಹಳ್ಳಿಗರನ್ನು ಬೆರಗುಗೊಳಿಸಿದವು. ವೈಭವವು ಹೆಚ್ಚಿ ನಾಟಕದ ತಿರುಳು ಮರೆಯಾಯಿತೆಂದು ಆಕ್ಷೇಪಿಸುವವರಿದ್ದಾರೆ. ಅದರಲ್ಲಿ ಅರೆಪಾಲು ಸತ್ಯವಿಲ್ಲದಿಲ್ಲ. ಆದರೆ ಆ ಆನೆಯನ್ನು ನೋಡಬಂದವನು ಕರ್ಣನ ದುಃಖವನ್ನೂ ಕಂಡು ಮನೆಗೆ ಹೋದನೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸುವ ರೂಢಿಯನ್ನು ಬೆಳೆಯಿಸಿದವರಲ್ಲಿ ವೀರಣ್ಣನವರು ಪ್ರಮುಖರು. ಅವರ ಪತ್ನಿಯರಾದ ಬಿ. ಸುಂದರಮ್ಮನವರೂ ಬಿ. ಜಯಮ್ಮನವರೂ ಸ್ವತಃ ಹೆಸರಾಂತ ನಟಿಯರು. ಬಣ್ಣ ಹಚ್ಚಿದ ಹೆಂಗಸಿಗೆ ಸಮಾಜದಲ್ಲಿ ಮರ್ಯಾದೆಯಿಲ್ಲದ ಕಾಲದಲ್ಲಿ ಒಡೆಯನು ತನ್ನ ಮನೆಯವರನ್ನೇ ರಂಗದ ಮೇಲೆ ನಿಲ್ಲಿಸಿದನೆಂಬುದು ಸಣ್ಣ ಮಾತಲ್ಲ.

ಇಷ್ಟೆಲ್ಲ ವೈಭವದ ಒಡೆಯರು ತಾವು ಮಾತ್ರ ಯಾವ ಪಾತ್ರವನ್ನು ಆರಿಸಿಕೊಂಡರು? ಕಿರೀಟದ ಪಾತ್ರಗಳನ್ನು ಇತರರಿಗೆ ಬಿಟ್ಟು ಹಾಸ್ಯವನ್ನು ತಮಗೆ ಇಟ್ಟುಕೊಂಡರು. ಸದಾರಮೆ ನಾಟಕದ ಕಳ್ಳನ ಪಾತ್ರವಂತೂ ಅವರ ಹೆಸರಿನೊಡನೆ ಬೆಸೆದುಹೋಯಿತು. ಆ ಕಳ್ಳನು ರಂಗಕ್ಕೆ ಬಂದನೆಂದರೆ ಬರೆದ ಮಾತುಗಳು ಹಿಂದೆ ಸರಿಯುತ್ತಿದ್ದವು. ಆಡುವ ಊರಿನ ಸಂಗತಿಗಳು, ಅಂದಿನ ಡೊಂಕುಗಳು, ದೊಡ್ಡವರ ಸಣ್ಣತನಗಳು ಅವನ ಬಾಯಲ್ಲಿ ಆ ಕ್ಷಣಕ್ಕೆ ಹುಟ್ಟಿ ಬರುತ್ತಿದ್ದವು. ಮುಂದಿನ ಸಾಲಿನ ಕುರ್ಚಿಯವರಿಗೆ ಚುಚ್ಚಿದರೂ ಅವರೇ ಮೊದಲು ನಗುತ್ತಿದ್ದರು. ಮೈಸೂರು ಮಹಾರಾಜರು ನಾಟಕರತ್ನವೆಂಬ ಬಿರುದನ್ನಿತ್ತು ಗೌರವಿಸಿದ್ದು ಇಂಥ ವಿನೋದಗಾರನನ್ನು.

ಮಾತಿಲ್ಲದ ಪಟಗಳ ಕಾಲದಲ್ಲಿಯೇ ವೀರಣ್ಣನವರು ಚಲಚ್ಚಿತ್ರದ ಕಡೆಗೆ ತಿರುಗಿದರು. ಹರಿಮಾಯಾ ಮುಂತಾದ ಮೂಕಪಟಗಳಲ್ಲಿ ಹಣವನ್ನೂ ಶ್ರಮವನ್ನೂ ತೊಡಗಿಸಿದರು. ಮಾತಿನ ಪಟಗಳು ಬಂದ ಮೇಲೆ 1935ರಲ್ಲಿ ಸದಾರಮೆಯು ತೆರೆಗೆ ಬಂದಿತು. 1941ರಲ್ಲಿ ಸುಭದ್ರಾ, 1942ರಲ್ಲಿ ಜೀವನನಾಟಕ ಎಂಬ ಚಿತ್ರಗಳು ಹೊರಬಿದ್ದವು. ಎರಡನೆಯದು ನಾಟಕದವರ ಬದುಕನ್ನೇ ಕುರಿತ ಸಾಮಾಜಿಕ ಕಥೆ, ಅದಕ್ಕೆ ಅ. ನ. ಕೃಷ್ಣರಾಯರು ಲೇಖನಿ ಹಿಡಿದರು. 1945ರ ಹೇಮರೆಡ್ಡಿ ಮಲ್ಲಮ್ಮ ಚಿತ್ರದಲ್ಲಿ ಹೊನ್ನಪ್ಪ ಭಾಗವತರೂ ಜಯಮ್ಮನವರೂ ವೀರಣ್ಣನವರೊಡನೆ ನಟಿಸಿದರು. ಶ್ರೀಶೈಲ ಮಲ್ಲಿಕಾರ್ಜುನನನ್ನು ಒಲಿಸಿಕೊಂಡ ಆ ಸಾಧ್ವಿಯ ಚರಿತ್ರೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ಕಣ್ಣೀರಿಡುತ್ತಿದ್ದ ತಾಯಂದಿರು ಅದನ್ನು ಕಣ್ಣಾರೆ ಕಾಣುವಂತಾಯಿತು. ಒಂಬತ್ತು ವರ್ಷಗಳ ತರುವಾಯ, 1954ರಲ್ಲಿ, ಪುರಾತನರಲ್ಲೊಬ್ಬನಾದ ಬೇಡರ ಕಣ್ಣಪ್ಪನ ಕಥೆಯು ಅವರ ಸಂಸ್ಥೆಯ ಸಹಭಾಗಿತ್ವದಲ್ಲಿ ಚಿತ್ರವಾಯಿತು. ನಿರ್ದೇಶಕರು ಎಚ್. ಎಲ್. ಎನ್. ಸಿಂಹ, ಕಣ್ಣಪ್ಪನ ಪಾತ್ರಕ್ಕೆ ನಿಂತವರು ಮುತ್ತುರಾಜರೆಂಬ ಯುವಕ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರೇ ಆಗಿದ್ದರು. ಆ ಯುವಕನು ಅಲ್ಲಿಂದ ಮುಂದೆ ರಾಜಕುಮಾರನೆಂದು ನಾಡಿಗೆಲ್ಲ ಪ್ರಿಯನಾದನು.

ಆದರೆ ಸಾಕಿದ ಗಿಣಿಯೇ ಹದ್ದಾಗಿ ಕುಕ್ಕುವ ಕಾಲವೂ ಬಂದಿತು. ನಾಲ್ಕಾಣೆಗೆ ತೆರೆಯ ಮೇಲೆ ಲೋಕವನ್ನೇ ತೋರುವ ಸಿನೇಮಾದ ಮುಂದೆ, ಲಾರಿಗಟ್ಟಲೆ ಸಾಮಾನು ಹೊತ್ತು ತಿರುಗುವ ನಾಟಕ ಕಂಪನಿಗಳು ಒಂದೊಂದಾಗಿ ಸೊರಗಿದವು. ಪಳಗಿದ ನಟರನ್ನೂ ಅದೇ ಎಳೆದುಕೊಂಡಿತು. ಆ ಸಿನೇಮಾವನ್ನು ಕೈಹಿಡಿದು ಕರೆತಂದವರಲ್ಲಿ ವೀರಣ್ಣನವರೇ ಒಬ್ಬರೆಂಬುದು ಅವರ ಬಾಳಿನ ಬಿಡಿಸಲಾಗದ ಗಂಟು. ಚಿತ್ರದಿಂದ ಬಂದುದನ್ನು ನಾಟಕಕ್ಕೆ ಸುರಿದರು, ನಾಟಕದಿಂದ ಬಂದುದನ್ನು ಚಿತ್ರಕ್ಕೆ ಸುರಿದರು. ಲಾಭವೂ ಕಂಡಿತು, ಸಾಲವೂ ಕಂಡಿತು. ಅನೇಕರು ಬಿಡಾರವನ್ನು ಕಿತ್ತರೂ ಅವರು ಪರದೆಯನ್ನು ಇಳಿಸಲಿಲ್ಲ.

ಕಂಪನಿಯ ಪಂಕ್ತಿಯಲ್ಲಿ ಉಂಡು ಬೆಳೆದವರ ಸಂಖ್ಯೆ ದೊಡ್ಡದು. ಜಿ. ವಿ. ಅಯ್ಯರರು ಅಲ್ಲಿಂದಲೇ ಬಂದವರು. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಬಂದು ಕಂಪನಿಯನ್ನು ಸೇರಿದ ಬಾಬುಕೋಡಿ ವೆಂಕಟರಮಣ ಕಾರಂತನೆಂಬ ಹುಡುಗನಲ್ಲಿ ಓದಿನ ಹಸಿವನ್ನು ಕಂಡು, ವೀರಣ್ಣನವರು ಅವನನ್ನು ಕಾಶಿಗೆ ಕಳುಹಿಸಿ ಉನ್ನತ ವ್ಯಾಸಂಗ ಮಾಡಿಸಿದರು. ಒಳ್ಳೆಯ ನಟನೊಬ್ಬನು ಕೈತಪ್ಪುವನೆಂದು ತಿಳಿದೂ ಹಾಗೆ ಮಾಡಿದರು. ತಮಗೆ ದೊರೆಯದ ಶಾಲೆಯನ್ನು ಪರರ ಮಗನಿಗೆ ದೊರಕಿಸಿಕೊಟ್ಟ ಈ ಕಾರ್ಯವು ಆನೆ ಕುದುರೆಗಳ ಕುರುಕ್ಷೇತ್ರಕ್ಕಿಂತ ಹಿರಿದೆನ್ನಬೇಕು. ಆ ಹುಡುಗನೇ ಮುಂದೆ ಬಿ. ವಿ. ಕಾರಂತರೆಂದು ಭಾರತದ ರಂಗಭೂಮಿಯಲ್ಲಿ ಪ್ರಖ್ಯಾತರಾದರು.

1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀ ಗೌರವವೂ ಅವರಿಗೆ ಸಂದವು. ಇಳಿವಯಸ್ಸಿನಲ್ಲಿ ಹೊರಬಂದ ಆತ್ಮಕಥೆಗೆ ಅವರು ಕಲೆಯೇ ಕಾಯಕವೆಂದು ಹೆಸರಿಟ್ಟರು. ಅಂಗಡಿ, ಹೊಲ, ಮಗ್ಗಗಳಿಗೆ ಶರಣರು ಕೊಟ್ಟ ಪದವಿಯನ್ನು ಬಣ್ಣದ ಪೆಟ್ಟಿಗೆಗೂ ಕೇಳಿಕೊಂಡಂತೆ ಆ ಹೆಸರಿದೆ. ಬೆಟಗೇರಿಯ ನೇಕಾರನ ಮಗ್ಗವು ಕಾಯಕವಾದರೆ, ದುಡಿದುದನ್ನು ನೂರು ಜನರೊಡನೆ ಹಂಚಿಕೊಂಡು ಉಂಡ ನಟನ ವೇಷವು ಕಾಯಕವಲ್ಲವೆಂದು ಹೇಳುವವರಾರು?

ವೀರಣ್ಣನವರು 1972ರ ಅಕ್ಟೋಬರ್ 18ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಅನೇಕ ವರ್ಷಗಳ ಮೇಲೆ ಅವರ ಮೊಮ್ಮಗಳು ಬಿ. ಜಯಶ್ರೀಯವರು ಸದಾರಮೆಯನ್ನು ಮತ್ತೆ ರಂಗಕ್ಕೆ ತಂದರು. ರಾಣಿಯ ಪಾತ್ರವನ್ನು ಬೇರೊಬ್ಬರಿಗೆ ಬಿಟ್ಟು, ಅಜ್ಜನ ಕಳ್ಳನ ವೇಷವನ್ನು ತಾವೇ ಹಾಕಿಕೊಂಡರು.