‘ಸ್ಟ್ರೆಸ್’ ಪದಕ್ಕೆ ಹೊಸ ಅರ್ಥ ಕೊಟ್ಟ ಹ್ಯಾನ್ಸ್ ಸೆಲಿಯೆ

ಪರೀಕ್ಷೆ ಬಂತೆಂದರೆ ಮಕ್ಕಳ ಬಾಯಲ್ಲಿ, ತಿಂಗಳ ಕೊನೆ ಬಂತೆಂದರೆ ಪಾಲಕರ ಬಾಯಲ್ಲಿ ‘ಸ್ಟ್ರೆಸ್’ ಎಂಬ ಮಾತು ಕೇಳಿಸುತ್ತದೆ. ವೈದ್ಯಶಾಸ್ತ್ರದಲ್ಲಿ ಈ ಪದ ನೆಲೆಯೂರಿ ಇನ್ನೂ ನೂರು ವರ್ಷ ತುಂಬಿಲ್ಲ. ಅದನ್ನು ಅಲ್ಲಿ ನೆಲೆಗೊಳಿಸಿದವರು ಹ್ಯಾನ್ಸ್ ಸೆಲಿಯೆ.

ಸೆಲಿಯೆ ಹುಟ್ಟಿದ್ದು 1907ರ ಜನವರಿ 26ರಂದು, ವಿಯೆನ್ನಾದಲ್ಲಿ. ತಂದೆ ಹಂಗೇರಿಯವರು, ಸೈನ್ಯದಲ್ಲಿ ಶಸ್ತ್ರವೈದ್ಯರು, ತಾಯಿ ಆಸ್ಟ್ರಿಯಾದವರು. ಬಾಲಕ ಸೆಲಿಯೆಗೆ ಮನೆಯಲ್ಲೇ ಹಲವು ಭಾಷೆಗಳು ಬಂದವು. ಪ್ರಾಗ್‌ನಲ್ಲಿ ವೈದ್ಯಕೀಯ ಓದುವಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಪ್ರಾಧ್ಯಾಪಕರು ಒಬ್ಬೊಬ್ಬ ರೋಗಿಯನ್ನು ತೋರಿಸಿ ರೋಗದ ವಿಶೇಷ ಲಕ್ಷಣಗಳನ್ನು ವಿವರಿಸುತ್ತಿದ್ದರು. ಆದರೆ ರೋಗ ಯಾವುದೇ ಇರಲಿ, ಎಲ್ಲ ರೋಗಿಗಳಿಗೂ ನಿಶ್ಶಕ್ತಿ, ಹಸಿವಿಲ್ಲದಿರುವುದು, ಮೈಕೈ ನೋವು ಇದ್ದೇ ಇತ್ತು. ಎಲ್ಲರಿಗೂ ಸಮಾನವಾದ ಇದರ ಬಗ್ಗೆ ಯಾರೂ ಏಕೆ ಮಾತಾಡುವುದಿಲ್ಲ ಎಂದು ಆ ಹುಡುಗ ಯೋಚಿಸಿದ. ತರಗತಿಯಲ್ಲಿ ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ನಾವು ಸಾಮಾನ್ಯವಾಗಿ ಕೂರಿಸಿಬಿಡುತ್ತೇವೆ!

1930ರ ದಶಕದಲ್ಲಿ ಅವರು ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ತೊಡಗಿದರು. ಹೊಸ ಹಾರ್ಮೋನೊಂದನ್ನು ಹುಡುಕುತ್ತ ಹಸುವಿನ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳ ಅಡ್ರಿನಲ್ ಗ್ರಂಥಿ ಊದಿಕೊಂಡಿತು, ಥೈಮಸ್ ಗ್ರಂಥಿ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಹಾರ್ಮೋನು ಸಿಕ್ಕೇಬಿಟ್ಟಿತೆಂದು ಅವರು ಹಿಗ್ಗಿದರು. ಆಮೇಲೆ ಬೇರೆ ಅಂಗಗಳ ಸಾರವನ್ನೂ, ಕೊನೆಗೆ ಫಾರ್ಮಲಿನ್ನನ್ನೂ ಚುಚ್ಚಿ ನೋಡಿದರೆ ಪರಿಣಾಮ ಅದೇ! ಹಾರ್ಮೋನಿನ ಕನಸು ಮುರಿದುಬಿತ್ತು. ಹಲವು ದಿನ ಕುಗ್ಗಿ ಕುಳಿತವರಿಗೆ ಪ್ರಾಗ್‌ನ ಆ ಹಳೆಯ ಪ್ರಶ್ನೆ ನೆನಪಾಯಿತು. ಚಳಿ, ಗಾಯ, ವಿಷ, ಅತಿಯಾದ ದುಡಿಮೆ ಯಾವುದೇ ಬರಲಿ, ದೇಹ ಒಂದೇ ರೀತಿ ಎದುರಿಸುತ್ತದೆಯೇ? 1936ರ ಜುಲೈಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಪುಟ್ಟ ಬರಹ ಇದನ್ನೇ ಹೇಳಿತು. ಮೊದಲು ಎಚ್ಚರಿಕೆ, ಆಮೇಲೆ ಹೊಂದಿಕೆ, ಕಷ್ಟ ಮುಗಿಯದಿದ್ದರೆ ಬಳಲಿಕೆ. ಆ ಬರಹದಲ್ಲಿ ಸ್ಟ್ರೆಸ್ ಎಂಬ ಪದವಿರಲಿಲ್ಲ.

ಆ ಪದವನ್ನು ಅವರು ಆಮೇಲೆ ಕೈಗೆತ್ತಿಕೊಂಡರು. ಎಡವಟ್ಟಾದದ್ದೂ ಅಲ್ಲೇ. ಎಂಜಿನಿಯರಿಗೆ ಸ್ಟ್ರೆಸ್ ಎಂದರೆ ಕಂಬಿ, ತೊಲೆಗಳೊಳಗೆ ಪ್ರತಿ ಚದರ ಅಳತೆಗೆ ಬೀಳುವ ಬಲ. 1820ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ಇದಕ್ಕೆ ಖಚಿತ ರೂಪ ಕೊಟ್ಟಿದ್ದರು. ಆ ಬಲದಿಂದ ವಸ್ತುವಿನ ಆಕಾರದಲ್ಲಾಗುವ ಬದಲಾವಣೆಗೆ ಸ್ಟ್ರೇನ್ ಎನ್ನುತ್ತಾರೆ. ಸೆಲಿಯೆ ಹೇಳಬೇಕಿದ್ದದ್ದು ದೇಹದೊಳಗಿನ ಬದಲಾವಣೆಯನ್ನು; ಅಂದರೆ ಸ್ಟ್ರೇನ್ ಎನ್ನಬೇಕಿತ್ತು. ತಮ್ಮ ಇಂಗ್ಲಿಷ್ ಚೆನ್ನಾಗಿದ್ದರೆ ಹಾಗೇ ಮಾಡುತ್ತಿದ್ದೆನೆಂದು ಅವರೇ ಮುಂದೆ ಒಪ್ಪಿಕೊಂಡರು. ಕಾರಣಕ್ಕೆ ‘ಸ್ಟ್ರೆಸರ್’ ಎಂಬ ಇನ್ನೊಂದು ಪದ ಕಟ್ಟಬೇಕಾಯಿತು. ಭೂಗರ್ಭಶಾಸ್ತ್ರಜ್ಞರಿಗೆ ಸ್ಟ್ರೆಸ್ ಬಂಡೆಯೊಳಗಿನ ಬಲ, ಸಸ್ಯಶಾಸ್ತ್ರಜ್ಞರಿಗೆ ನೀರಿಲ್ಲದ ಗಿಡದ ಪಾಡು, ಭಾಷಾವಿಜ್ಞಾನಿಗೆ ಉಚ್ಚಾರಣೆಯಲ್ಲಿ ಕೊಡುವ ಒತ್ತು. ನಮ್ಮ ಸ್ಥಿತಿಯೂ ಬೇರೆಯಲ್ಲ. ಕನ್ನಡದ ‘ಒತ್ತಡ’ ಗಾಳಿಗೂ ಬೇಕು, ರಕ್ತಕ್ಕೂ ಬೇಕು, ಮನಸ್ಸಿಗೂ ಬೇಕು. ಉರ್ದುವಿನ ‘ದಬಾವ್’ ಕೂಡ ಹಾಗೆಯೇ.

1945ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯ ಸೇರಿದ ಸೆಲಿಯೆ ಸಾವಿರಕ್ಕೂ ಹೆಚ್ಚು ಲೇಖನ ಬರೆದರು. 1956ರ ‘ದಿ ಸ್ಟ್ರೆಸ್ ಆಫ್ ಲೈಫ್’ ಪುಸ್ತಕ ಜನಸಾಮಾನ್ಯರನ್ನೂ ಮುಟ್ಟಿತು. ಎಲ್ಲ ಸ್ಟ್ರೆಸ್ ಕೆಟ್ಟದ್ದಲ್ಲ, ಸಂತೋಷವೂ ದೇಹವನ್ನು ಹುರಿದುಂಬಿಸುತ್ತದೆ ಎಂಬುದು ಅವರ ವಾದ. ಎಲ್ಲರೂ ಒಪ್ಪಲಿಲ್ಲ. ಕೋತಿಗಳನ್ನು ಉಪವಾಸವಿಟ್ಟು ಪರೀಕ್ಷಿಸಿದ ಜಾನ್ ಮೇಸನ್, ಭಯ ಮತ್ತು ಕಸಿವಿಸಿಯನ್ನು ತಪ್ಪಿಸಿದರೆ ಅಡ್ರಿನಲ್ ಗ್ರಂಥಿ ಹಾಗೆ ಕೆರಳುವುದಿಲ್ಲವೆಂದು ತೋರಿಸಿದರು. ಇಲಿಗಳ ಮೈಯನ್ನು ನೋಡಿದ ಸೆಲಿಯೆ ಅವುಗಳ ಭಯವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಸೆಲಿಯೆ ತಂಬಾಕು ಉದ್ಯಮದಿಂದ ಹಣ ಪಡೆದಿದ್ದರು. 1969ರಲ್ಲಿ ಕೆನಡಾ ಸಂಸತ್ತಿನ ಸಮಿತಿಯ ಮುಂದೆ, ಧೂಮಪಾನ ಕೆಲವರಿಗೆ ಸ್ಟ್ರೆಸ್ಸಿನಿಂದ ಬಿಡುಗಡೆ ಕೊಡಬಹುದೆಂಬಂತೆ ಮಾತಾಡಿದರು. ಈ ನಂಟು ಎಷ್ಟು ಆಳವಾಗಿತ್ತೆಂಬುದು ತಿಳಿದದ್ದು ಕಂಪನಿಗಳ ಒಳಕಡತಗಳು ಹೊರಬಂದಾಗ. ಅಷ್ಟು ಹೊತ್ತಿಗೆ ಉತ್ತರ ಹೇಳಲು ಅವರಿರಲಿಲ್ಲ. 1982ರ ಅಕ್ಟೋಬರ್ 16ರಂದು ಮಾಂಟ್ರಿಯಲ್‌ನಲ್ಲಿ ತೀರಿಕೊಂಡಿದ್ದರು.