ಹೆಂಡದ ಮಾರಯ್ಯ ಶರಣರು ತೋರಿದ ದಾರಿ

ಮಾನವ ಜನ್ಮವು ಶಿವನ ಕಾರುಣ್ಯದಿಂದ ಲಭಿಸಿದ್ದು. ಈ ದೇಹವನ್ನು ನಮ್ಮ ಶರಣರು ಶಿವನ ಆಲಯವೆಂದೇ ಭಾವಿಸಿದರು. ಊರ ಗುಡಿಯೊಳಗೆ ಯಾರಾದರೂ ಕೆಸರು ಚೆಲ್ಲಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಆದರೆ ದೇಹವೆಂಬ ಗುಡಿಗೆ ದಿನನಿತ್ಯ ಮದ್ಯವನ್ನು ಸುರಿದುಕೊಳ್ಳುವವರನ್ನು ಕಂಡು ಸುಮ್ಮನೆ ದಾಟಿ ಹೋಗುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ.

ಕುಡಿತವನ್ನು ಬಿಡಿರಿ ಎಂದು ಹೇಳುವ ಪ್ರವಚನಗಳು ಬೇಕಾದಷ್ಟು ಆಗಿವೆ. ಇಂದು ನಾವು ಹೇಳಬೇಕೆಂದಿರುವುದು ಬಿಟ್ಟವರ ವಿಷಯವನ್ನು. ಬಿಡುವುದು ಒಂದು ದಿನದ ಮಾತು. ಬಿಟ್ಟೇ ಇರುವುದು ಜೀವಮಾನದ ವ್ರತ. ಅನೇಕರು ಗುಡಿಯ ಮುಂದೆ ಆಣೆ ಮಾಡಿ ಬಿಡುತ್ತಾರೆ, ಮೂರು ತಿಂಗಳು ನೆಟ್ಟಗಿರುತ್ತಾರೆ, ಒಂದು ಮದುವೆಯಲ್ಲಿಯೋ ಜಾತ್ರೆಯಲ್ಲಿಯೋ ಮತ್ತೆ ಜಾರುತ್ತಾರೆ. ಆಗ ಊರವರು ನಗುತ್ತಾರೆ, ಮನೆಯವರು ಅಳುತ್ತಾರೆ. ಹೀಗೆ ಜಾರಿದವರಿಗೂ, ಜಾರಬಾರದೆಂದು ಹೆಣಗುತ್ತಿರುವವರಿಗೂ ದಾರಿದೀಪವಾಗಬಲ್ಲ ಶರಣರೊಬ್ಬರು ನಮ್ಮ ಪರಂಪರೆಯಲ್ಲಿದ್ದಾರೆ. ಅವರೇ ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನವರು.

ಮಾರಯ್ಯನವರು ಬಸವಣ್ಣನವರ ಸಮಕಾಲೀನರು. ಆಗ ಕಳಚುರಿ ಬಿಜ್ಜಳ ಅರಸನ ಆಳ್ವಿಕೆ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ ಪಟ್ಟಣ. ರಾಜಧಾನಿಯೆಂದ ಮೇಲೆ ಅಲ್ಲಿ ಸೈನಿಕರು, ವರ್ತಕರು, ಕುಶಲಕರ್ಮಿಗಳು, ಕೂಲಿಕಾರರು ಎಲ್ಲರೂ ಇದ್ದರು. ಅವರೊಳಗೆ ದಣಿವು ಮರೆಯಲು ಕುಡಿಯುವವರೂ ಇದ್ದರು, ಅವರಿಗೆ ಮಾರುವವರೂ ಇದ್ದರು. ಅಂಥ ಮಾರುವವರಲ್ಲಿ ಒಬ್ಬರು ನಮ್ಮ ಮಾರಯ್ಯನವರು. ಹೆಂಡದ ವ್ಯಾಪಾರವೇ ಅವರ ಹೊಟ್ಟೆಪಾಡಾಗಿತ್ತು.

ಹೆಂಡವೆಂದರೇನೆಂಬುದು ನಮ್ಮ ಹಿರಿಯರಿಗೆ ಗೊತ್ತಿದೆ. ಈಚಲ ಮರದ ಕೊರಳನ್ನು ಕೆತ್ತಿ ಗಡಿಗೆ ಕಟ್ಟಿದರೆ ರಾತ್ರಿಯೆಲ್ಲ ರಸ ಒಸರುತ್ತದೆ. ನಸುಕಿನಲ್ಲಿ ಇಳಿಸಿದಾಗ ಅದು ಸಿಹಿಯಾದ ನೀರಾ. ಕುಡಿದರೆ ಅಮಲಿಲ್ಲ. ಬಿಸಿಲು ಏರಿದಂತೆ ಅದು ನೊರೆಗಟ್ಟಿ ಹುಳಿಯುತ್ತದೆ, ಕೆಲವೇ ತಾಸುಗಳಲ್ಲಿ ಅಮಲೇರಿಸುವ ಹೆಂಡವಾಗುತ್ತದೆ. ಒಮ್ಮೆ ಹುಳಿತ ಮೇಲೆ ಏನೇ ಮಾಡಿದರೂ ಅದು ಮತ್ತೆ ಸಿಹಿ ರಸವಾಗುವುದಿಲ್ಲ. ಈ ಮಾತನ್ನು ಭಕ್ತರು ನೆನಪಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಮಾರಯ್ಯನವರು ಕಲ್ಯಾಣದಲ್ಲಿದ್ದಾಗ ಬಸವಣ್ಣನವರ ವಿಚಾರಗಳು ಅವರ ಕಿವಿಗೆ ಬಿದ್ದವು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ ಮೊದಲಾದವರು ಸಮನಾಗಿ ಕುಳಿತು ಅನುಭಾವ ನಡೆಸುತ್ತಿದ್ದ ಕಾಲವದು. ನಮ್ಮ ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದೊಂದಿಗೆ ನಂಟುಳ್ಳ ಅಂಬಿಗರ ಚೌಡಯ್ಯನವರೂ ಆ ಶರಣ ಸಮೂಹದವರೇ. ಐರಣಿಯ ಜನ ದಿನವೂ ಕಾಣುವ ಈ ಹೊಳೆಯ ಮೇಲೆಯೇ ಹುಟ್ಟು ಹಾಕಿದ ಆ ಶರಣರು ಜನರನ್ನು ಭವಸಾಗರವನ್ನೂ ದಾಟಿಸಿದರು. ಅಂಥವರ ಸಂಗ ದೊರೆತ ಮೇಲೆ ಹೆಂಡದ ಅಂಗಡಿಯವನ ಮನಸ್ಸು ಹಿಂದಿನಂತೆ ಉಳಿಯುವುದೆಂತು? ಮಾರಯ್ಯನವರು ಲಿಂಗಸಂಸ್ಕಾರ ಪಡೆದು ಶರಣರಾದರು.

ಶರಣರಾದ ಮೇಲೆ ಅವರು ಮಾಡಿದ ಕೆಲಸವೇ ಅವರ ಚರಿತ್ರೆಯ ಸಾರ. ಅವರು ಕಾಡಿಗೆ ಹೋಗಿ ಕುಳಿತುಕೊಳ್ಳಲಿಲ್ಲ. ಯಾವ ಜನ ತಮ್ಮ ಬಳಿಗೆ ಕುಡಿಯಲು ಬರುತ್ತಿದ್ದರೋ ಅದೇ ಜನರಿಗೆ ಕುಡಿತದ ಕೇಡನ್ನು ತಿಳಿಹೇಳಿದರೆಂದು ಪರಂಪರೆ ಸಾರುತ್ತದೆ. ಬೇರೆಯವರು ಹೇಳಿದ್ದರೆ ಆ ಜನ ಕೇಳುತ್ತಿದ್ದರೋ ಇಲ್ಲವೋ. ಆದರೆ ಯಾರ ಮನೆಯ ತಾಳಿ ಅಡವಾಯಿತು, ಯಾರ ಮಗು ಹಸಿದು ಮಲಗಿತು ಎಂಬುದು ಮೊದಲು ತಿಳಿಯುವುದು ಮಾರುವವನಿಗೆ. ಅಂಥವನೇ ಎದುರು ನಿಂತು ಬೇಡವೆಂದರೆ ಆ ಮಾತಿಗೆ ತೂಕ ಹೆಚ್ಚು. ಗಿರಾಕಿ ಕಡಿಮೆಯಾದರೆ ತನ್ನ ಒಲೆಯೇ ಆರುತ್ತದೆಂದು ತಿಳಿದೂ ಅವರು ಹೇಳಿದರು. ಇದೇ ಅವರ ತ್ಯಾಗ.

ಇಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ಶರಣರು ಎಲ್ಲ ಕಾಯಕಗಳೂ ಸಮಾನವೆಂದರಲ್ಲವೆ? ಹಾಗಾದರೆ ಹೆಂಡ ಮಾರುವುದೂ ಕಾಯಕವಲ್ಲವೆ? ಇದಕ್ಕೆ ಉತ್ತರ ಪಂಚಾಚಾರದಲ್ಲಿದೆ. ಸದಾಚಾರದ ಒರೆಗೆ ಹಚ್ಚಿ ಶುದ್ಧವೆನಿಸಿದ ದುಡಿಮೆ ಮಾತ್ರ ಕಾಯಕ. ಉಳಿದದ್ದು ಬರಿಯ ಗಳಿಕೆ. ಇನ್ನೊಬ್ಬನ ಸಂಸಾರವನ್ನು ಮುರಿದು ಬಂದ ಹಣದಿಂದ ದಾಸೋಹ ಸಲ್ಲದು. ಈ ಒರೆಯಲ್ಲಿ ಮಾರಯ್ಯನವರು ತಮ್ಮನ್ನು ತಾವೇ ಉಜ್ಜಿಕೊಂಡರು. ಧರ್ಮೇಶ್ವರಲಿಂಗ ಎಂಬ ಅಂಕಿತವನ್ನು ಅವರು ಇಟ್ಟುಕೊಂಡಿದ್ದರಲ್ಲಿಯೇ ಎಷ್ಟೊಂದು ಅರ್ಥವಿದೆ ನೋಡಿರಿ. ಯಾವ ಬಾಳಿನಲ್ಲಿ ಧರ್ಮ ಅಳಿಯುವ ಭಯವಿತ್ತೋ ಆ ಬಾಳಿಗೆ ಧರ್ಮವನ್ನೇ ಒಡೆಯನನ್ನಾಗಿ ಮಾಡಿಕೊಂಡರು.

ಅವರ ಹನ್ನೆರಡು ವಚನಗಳು ನಮಗೆ ದೊರೆತಿವೆ. ಕಲ್ಯಾಣದ ಕ್ರಾಂತಿಯ ಕಾಲದಲ್ಲಿ ಶರಣರು ದಿಕ್ಕುದಿಕ್ಕಿಗೆ ಚದುರಿದರೂ ಓಲೆಗರಿಗಳು ಮಠಮನೆಗಳಲ್ಲಿ ಉಳಿದವು. ಡಾ. ಫ.ಗು. ಹಳಕಟ್ಟಿಯವರಂಥ ಮಹನೀಯರು ಮನೆಮನೆ ತಿರುಗಿ ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಮಾರಯ್ಯನವರು ತಮ್ಮ ವೃತ್ತಿಯ ಮಾತುಗಳನ್ನೇ ಅನುಭಾವದ ಮಾತುಗಳನ್ನಾಗಿ ಮಾಡಿಕೊಂಡರು. ಅಮಲು ಬೇಕೆನ್ನುವ ಮನಸ್ಸಿಗೆ ಶಿವಾನಂದದ ರುಚಿಯನ್ನು ತೋರಿಸಬೇಕೆಂಬುದು ಅವರ ನಿಲುವು. ಬರಿದೇ ಬೇಡವೆಂದರೆ ಮನಸ್ಸು ಕೇಳದು. ಕಸಿದುಕೊಂಡ ಜಾಗದಲ್ಲಿ ಇನ್ನೊಂದನ್ನು ಇಡಬೇಕು. ಕುಡಿತ ಬಿಟ್ಟವನ ಸಂಜೆ ಖಾಲಿಯಾಗಿ ಉಳಿದರೆ ಅಂಗಡಿಯೇ ಅದನ್ನು ತುಂಬುತ್ತದೆ. ಆ ಹೊತ್ತಿಗೆ ಪೂಜೆ, ಭಜನೆ, ದನಕರುಗಳ ಆರೈಕೆ, ಮಕ್ಕಳ ಪಾಠ ಹೀಗೆ ಏನಾದರೊಂದು ಇರಬೇಕು.

ಇನ್ನು ಅವರ ಹೆಸರಿನ ವಿಷಯ. ಶರಣರಾದ ಮೇಲೆಯೂ ಅವರು ಹೆಂಡದ ಮಾರಯ್ಯನೆಂದೇ ಪ್ರಸಿದ್ಧರಾದರು. ಶರಣರು ಅವರ ಹಿಂದಿನ ಬದುಕನ್ನು ಬಚ್ಚಿಡಲಿಲ್ಲ, ಹಂಗಿಸಲೂ ಇಲ್ಲ. ಕನ್ನ ಹಾಕುತ್ತಿದ್ದವರು ಕನ್ನದ ಮಾರಿತಂದೆಗಳಾದರು, ಸೂಳೆ ಸಂಕವ್ವೆ ವಚನಕಾರ್ತಿಯಾದರು. ಹಳೆಯ ಬದುಕಿನ ಗುರುತೇ ಅವರ ಪರಿವರ್ತನೆಯ ಸಾಕ್ಷಿಯಾಯಿತು. ಆದರೆ ನಮ್ಮ ಊರುಗಳಲ್ಲಿ ಆಗುತ್ತಿರುವುದೇನು? ಕುಡಿತ ಬಿಟ್ಟು ಎರಡು ವರ್ಷವಾದವನನ್ನೂ ಕುಡುಕನೆಂದೇ ಕರೆಯುತ್ತಾರೆ. ಅವನ ಮಗಳಿಗೆ ಗಂಡು ನೋಡಲು ಹೋದಲ್ಲಿ ಅದನ್ನೇ ಎತ್ತಿ ಆಡುತ್ತಾರೆ. ಪಂಚರ ಕಟ್ಟೆಯಲ್ಲಿ ಅವನ ಮಾತಿಗೆ ಬೆಲೆ ಕೊಡುವುದಿಲ್ಲ. ಬಿಟ್ಟರೂ ಅದೇ ಹೆಸರು, ಕುಡಿದರೂ ಅದೇ ಹೆಸರು ಎಂದ ಮೇಲೆ ಅವನು ಯಾವ ಆಸೆಯಿಂದ ಬಿಟ್ಟಿರಬೇಕು? ಒಂದು ಹಂಗಿನ ಮಾತು ಒಬ್ಬ ಮನುಷ್ಯನನ್ನು ಮತ್ತೆ ಅಂಗಡಿಯ ಬಾಗಿಲಿಗೆ ನೂಕಬಲ್ಲದು. ಹಿರಿಯರು ಇದನ್ನು ಮನಗಾಣಬೇಕು.

ಬಿಟ್ಟವರು ತಿಳಿಯಬೇಕಾದ ಮಾತುಗಳೂ ಇವೆ. ಮೊದಲನೆಯದು, ಹುಳಿತ ಹೆಂಡ ಮತ್ತೆ ನೀರಾ ಆಗದೆಂದು ಹೇಳಿದೆವಲ್ಲ. ವ್ಯಸನಕ್ಕೆ ಒಗ್ಗಿದ ದೇಹವೂ ಹಾಗೆಯೇ. ಇಷ್ಟು ದಿನ ಬಿಟ್ಟಿದ್ದೇನೆ, ಇವತ್ತೊಂದು ಗುಟುಕಿನಿಂದ ಏನಾಗುತ್ತದೆ ಎಂಬ ವಿಚಾರವೇ ಜಾರುವ ಮೆಟ್ಟಿಲು. ಬೇರೆಯವರಿಗೆ ಒಂದು ಗುಟುಕು ಒಂದೇ ಗುಟುಕಾಗಿರಬಹುದು. ಇವನಿಗೆ ಅದು ಹಳೆಯ ಗಡಿಗೆಯ ಬಾಯಿ. ಮಾರಯ್ಯನವರು ಗಡಿಗೆಗಳ ನಡುವೆ ನಿಂತು ಗೆದ್ದರೆಂದು ಇವನು ಅಲ್ಲಿಗೆ ಹೋಗಿ ತನ್ನನ್ನು ಪರೀಕ್ಷಿಸಿಕೊಳ್ಳಬಾರದು. ಸಂತೆಯಿಂದ ಬರುವಾಗ ಅಂಗಡಿಯ ದಾರಿ ಬಿಟ್ಟು ಸುತ್ತಿನ ದಾರಿಯಲ್ಲಿ ಬರುವುದು ಹೇಡಿತನವಲ್ಲ, ಜಾಣತನ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಹಣ ಕೈಗೆ ಬಂದ ದಿನ, ಕೂಲಿ ಬಟವಾಡೆಯ ದಿನ, ಮದುವೆ, ಜಾತ್ರೆ, ಚುನಾವಣೆಯ ದಿನಗಳಲ್ಲಿ ಒಬ್ಬನೇ ತಿರುಗಬಾರದು. ಹಣವನ್ನು ಮನೆಯಾಕೆಯ ಕೈಗೆ ಕೊಡುವ ರೂಢಿ ಇನ್ನೂ ಒಳ್ಳೆಯದು.

ಎರಡನೆಯದು, ವ್ರತವನ್ನು ದಿನದಿನಕ್ಕೆ ಹಿಡಿಯಬೇಕು. ನಿನ್ನೆಯ ಇಷ್ಟಲಿಂಗ ಪೂಜೆ ಇಂದಿಗೆ ಸಾಲದು. ಸೂರ್ಯೋದಯವಾದ ಮೇಲೆ ಮತ್ತೆ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಳ್ಳಬೇಕು. ಕುಡಿತವನ್ನು ಬಿಡುವುದೂ ಹಾಗೆಯೇ. ಜೀವಮಾನವಿಡೀ ಎಂದರೆ ಮನಸ್ಸು ಹೆದರುತ್ತದೆ. ಇಂದು ಒಂದು ದಿನ ಎಂದರೆ ಒಪ್ಪುತ್ತದೆ. 1935ರಲ್ಲಿ ಅಮೇರಿಕೆಯ ಓಹಾಯೊ ಪ್ರಾಂತದ ಅಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ವೈದ್ಯರೂ ಕೂಡಿದರು. ಇಬ್ಬರೂ ಕುಡಿತದಿಂದ ನೊಂದವರೇ. ಒಬ್ಬರಿಗೊಬ್ಬರು ತಮ್ಮ ಪಾಡು ಹೇಳಿಕೊಂಡು, ದಿನಕ್ಕೊಂದು ದಿನದಂತೆ ಬಿಟ್ಟಿರಲು ಕಲಿತರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವಾಗಿ ಜಗತ್ತಿಗೆಲ್ಲ ಹಬ್ಬಿತು. ನಮ್ಮ ನಾಡಿನಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ದೇಶ ಬೇರೆ, ಭಾಷೆ ಬೇರೆ. ಆದರೆ ನೊಂದವನ ಮಾತನ್ನು ನೊಂದವನು ಕೇಳುತ್ತಾನೆಂಬ ತತ್ವವನ್ನು ಮಾರಯ್ಯನವರ ಬಾಳಿನಲ್ಲಿಯೂ ಕಾಣಬಹುದು. ಸತ್ಸಂಗವೆಂದರೆ ಇದೇ.

ಮೂರನೆಯದು, ವೈದ್ಯರನ್ನು ದೂರವಿಡಬಾರದು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಮೂರುನಾಲ್ಕು ದಿನಗಳಲ್ಲಿ ಕೈನಡುಕ, ಬೆವರು, ನಿದ್ರೆಗೇಡು ಬರುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಪ್ರಾಣಕ್ಕೂ ಅಪಾಯವಾಗುತ್ತದೆ. ಇದು ದೆವ್ವದ ಕಾಟವಲ್ಲ, ದೇವರ ಮುನಿಸೂ ಅಲ್ಲ. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಕುಡಿತ ಬಿಡಿಸುತ್ತೇವೆಂದು ಗುಟ್ಟಾಗಿ ಊಟದಲ್ಲಿ ಪುಡಿ ಗುಳಿಗೆ ಬೆರೆಸುವುದು ಬಹಳ ಅಪಾಯಕಾರಿ. ತಾಯಂದಿರು ಅದಕ್ಕೆ ಕೈಹಾಕಬಾರದು. ಮಂತ್ರವೂ ಬೇಕು, ಮದ್ದೂ ಬೇಕು.

ಮಾರಯ್ಯನವರ ಕೆಲಸವನ್ನು ನಮ್ಮ ಕಾಲದಲ್ಲಿ ಮುಂದುವರಿಸಿದವರಲ್ಲಿ ಇಳಕಲ್ಲ ಚಿತ್ತರಗಿ ಪೀಠದ ಡಾ. ಮಹಾಂತ ಶಿವಯೋಗಿಗಳು ಪ್ರಾತಃಸ್ಮರಣೀಯರು. ಅವರು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಮನೆಮನೆಗೆ ಹೊರಟರು. ಬೇಡಿದ್ದು ಕಾಳುಕಡಿಯನ್ನಲ್ಲ, ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿದ ಮೇಲೆ ಬಿಟ್ಟವರು ಕೂಡಿ ಕೂಡ್ರಲು ನವಜೀವನ ಸಮಿತಿಗಳಿವೆ. ಈ ಎರಡನೆಯ ಕೆಲಸವೇ ಹೆಚ್ಚು ಮುಖ್ಯವೆಂದು ನಮ್ಮ ಭಾವನೆ.

ಕಾಯಿದೆಯೂ ತನ್ನ ಕೆಲಸ ಮಾಡಿದೆ. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿಷೇಧ ಕಾಯಿದೆ ಬಂದದ್ದನ್ನು ಹಳೆಯ ತಲೆಮಾರಿನವರು ಬಲ್ಲರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ನಿಂತರೂ ಕುಡಿತ ನಿಲ್ಲಲಿಲ್ಲ; ಪಾಕೀಟು ಹೋಗಿ ಬಾಟಲಿ ಬಂದಿತು. ಕಾಯಿದೆ ಅಂಗಡಿಯನ್ನು ಮುಚ್ಚಬಲ್ಲದು, ಮನಸ್ಸಿನ ಬಾಗಿಲನ್ನು ಮುಚ್ಚಲಾರದು. ಅದನ್ನು ಮನುಷ್ಯನೇ ಮುಚ್ಚಬೇಕು. ಮುಚ್ಚಿದ್ದನ್ನು ತೆರೆಯದಂತೆ ಮನೆಯವರು, ಊರವರು, ಗುರುಗಳು ಒತ್ತಾಸೆಯಾಗಿ ನಿಲ್ಲಬೇಕು.

ಒಂದು ವೇಳೆ ಬಿಟ್ಟವನು ಮತ್ತೆ ಜಾರಿದರೆ? ಆಗ ಅವನನ್ನು ಕೈಬಿಡಬಾರದು. ನಡೆಯಲು ಕಲಿಯುವ ಕೂಸು ಬಿದ್ದರೆ ತಾಯಿ ಎತ್ತುತ್ತಾಳೆಯೇ ಹೊರತು ಇನ್ನು ನೀನು ನಡೆಯಲಾರೆ ಎಂದು ಹೇಳುವುದಿಲ್ಲ. ಜಾರಿದವನು ಕೂಡ ಇನ್ನೇನು ಎಲ್ಲ ಹೋಯಿತೆಂದು ಮತ್ತಷ್ಟು ಕುಡಿಯಬಾರದು. ಮೈತೊಳೆದು, ವಿಭೂತಿ ಧರಿಸಿ, ಆ ದಿನವನ್ನೇ ಮೊದಲ ದಿನವೆಂದು ಎಣಿಸಿ ಎದ್ದು ನಿಲ್ಲಬೇಕು. ಆದರೆ ಕುಡಿದು ಮನೆಯವರನ್ನು ಹೊಡೆಯುವವನನ್ನು ಸಹಿಸಿಕೊಂಡಿರಿ ಎಂದು ನಾವು ಹೆಣ್ಣುಮಕ್ಕಳಿಗೆ ಹೇಳುವುದಿಲ್ಲ. ಅಂಥಲ್ಲಿ ಊರ ಹಿರಿಯರು ನಡುವೆ ಬಂದು ಆ ತಾಯಿ ಮಕ್ಕಳಿಗೆ ರಕ್ಷಣೆ ಕೊಡುವುದೇ ಗಣಾಚಾರ.

ಈ ವಾರ ಪ್ರತಿಯೊಬ್ಬ ಭಕ್ತರೂ ಒಂದು ಸೇವೆ ಮಾಡಲಿ. ತಮ್ಮ ಓಣಿಯಲ್ಲಿ ಕುಡಿತ ಬಿಟ್ಟು ಬದುಕುತ್ತಿರುವ ಒಬ್ಬರ ಮನೆಗೆ ಸಂಜೆಯ ಹೊತ್ತು ಹೋಗಿ ಕೂಡ್ರಲಿ. ಹಳೆಯದನ್ನು ಕೆದಕದೆ ಹೊಲದ ಮಾತು, ಮಳೆಯ ಮಾತು ಆಡಲಿ. ಒಂದು ಲೋಟ ಚಹಾ ಕುಡಿದು ಬರಲಿ. ಅದೂ ಒಂದು ದಾಸೋಹವೇ. ಹೆಂಡದ ಮಾರಯ್ಯ ಶರಣರ ಸ್ಮರಣೆ ಬಿಟ್ಟವರಿಗೆ ಬಲವನ್ನೂ, ಬಿಡಬೇಕೆನ್ನುವವರಿಗೆ ಧೈರ್ಯವನ್ನೂ, ಉಳಿದ ನಮಗೆಲ್ಲ ಕರುಣೆಯನ್ನೂ ಕೊಡಲಿ. ಎಲ್ಲರಿಗೂ ಸನ್ಮಂಗಳವಾಗಲಿ.